ಎರಡು ಬೆಸ ಸಂಖ್ಯೆಗಳಿಗೆ ಒಂದೇ ಅಕ್ಷರ ಸಾಲದು: ನ್ಯಾಚುರಲ್ ನಂಬರ್ ಗೇಮ್ ಆಡಿದ ಮೇಲೆ

ಹತ್ತನೆಯ ತರಗತಿಗೆ ಗಣಿತ ಹೇಳಿಕೊಡಲು ತೊಡಗಿ ಹದಿನಾರು ವರ್ಷವಾಗಿತ್ತು. ಆ ದಿನ ನಾನು ಕರಿಹಲಗೆಯ ಮೇಲೆ ಬರೆದದ್ದು ಇಷ್ಟು: ಬೆಸ ಸಂಖ್ಯೆ ಎಂದರೆ 2ಕ + 1. ಎರಡು ಬೆಸ ಸಂಖ್ಯೆಗಳನ್ನು ಕೂಡಿಸಿದರೆ (2ಕ + 1) + (2ಕ + 1) = 4ಕ + 2. ಇದು ಎರಡರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ಎರಡು ಬೆಸ ಸಂಖ್ಯೆಗಳ ಮೊತ್ತ ಸಮ ಸಂಖ್ಯೆ. ಕೆಳಗೆ ಗೆರೆ ಎಳೆದು ಸೀಮೆಸುಣ್ಣ ಕೆಳಗಿಟ್ಟೆ. ಮೂರನೆಯ ಸಾಲಿನಲ್ಲಿ ಕೂತಿದ್ದ ಹುಡುಗಿ ಕೈಯೆತ್ತಿ ಕೇಳಿದಳು: “ಮೇಡಂ, 3 ಮತ್ತು 5 ಕೂಡಿಸಿದರೆ 8. 4ಕ + 2 ಎಂಟಾಗಬೇಕಾದರೆ ಕ ಒಂದೂವರೆ ಆಗಬೇಕಲ್ಲವೇ?”

ಅವಳ ಮಾತು ನೂರಕ್ಕೆ ನೂರು ಸರಿ. ನಾನು ಸಾಧಿಸಿದ್ದು ಒಂದು ಬೆಸ ಸಂಖ್ಯೆಗೆ ಅದನ್ನೇ ಕೂಡಿಸಿದರೆ ಏನಾಗುತ್ತದೆ ಎಂಬುದನ್ನು ಮಾತ್ರ. ಎರಡು ಬೇರೆ ಸಂಖ್ಯೆಗಳ ಬಗ್ಗೆ ನನ್ನ ಸಾಲುಗಳು ಏನನ್ನೂ ಹೇಳಿರಲಿಲ್ಲ. ಉತ್ತರ ಸರಿಯಿತ್ತು; ಸಾಧನೆ, ಅಂದರೆ ಅದು ನಿಜವೆಂದು ತೋರಿಸುವ ತರ್ಕ, ತಪ್ಪಾಗಿತ್ತು. ಅಲ್ಲಿಯೇ ತಿದ್ದಿ ಬರೆದೆ, ಅವಳಿಗೆ ಧನ್ಯವಾದವನ್ನೂ ಹೇಳಿದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ನಾನು ಪಠ್ಯದಲ್ಲಿದ್ದ ಸಾಧನೆಗಳನ್ನು ಒಪ್ಪಿಸುತ್ತಿದ್ದೆನೇ, ಬರೆಯುತ್ತಿದ್ದೆನೇ? ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಹಾಕಿ ರೇಖಾಗಣಿತದ ಪ್ರಮೇಯಗಳನ್ನು ನಿದ್ದೆಯಲ್ಲಿಯೂ ಬರೆಯಬಲ್ಲೆ. ಸಂಖ್ಯೆಗಳ ಬಗ್ಗೆ ಎಂದೂ ನೋಡಿರದ ಒಂದು ಹೇಳಿಕೆಯನ್ನು ಕೊಟ್ಟು “ಸಾಧಿಸು” ಎಂದರೆ ಮೊದಲ ಸಾಲು ಏನಿರಬೇಕು ಎಂಬುದೇ ನನಗೆ ಖಚಿತವಿರಲಿಲ್ಲ.

ಹಾಗೆ ಹುಡುಕುತ್ತ ಸಿಕ್ಕಿದ್ದು ನ್ಯಾಚುರಲ್ ನಂಬರ್ ಗೇಮ್. ಆರು ವಾರ, ಹೆಚ್ಚಾಗಿ ರಾತ್ರಿಯ ಹೊತ್ತು, ಇದನ್ನು ಆಡಿದ್ದೇನೆ. ಸಂಖ್ಯೆಗಳ ಬಗ್ಗೆ ಸಾಧನೆ ಬರೆಯುವುದನ್ನು ಬುಡದಿಂದ ಕಲಿಯಬೇಕೆನ್ನುವವರು ಇದನ್ನು ಆಡಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ. ಆದರೆ ಪಕ್ಕದಲ್ಲಿ ನೋಟ್‌ಬುಕ್ ಮತ್ತು ಪೆನ್ನು ಇರಲೇಬೇಕು. ಅವಿಲ್ಲದೆ ಆಡಿದರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಏಕೆಂದು ಮುಂದೆ ಬರೆಯುತ್ತೇನೆ.

ಇದು ಬ್ರೌಸರ್‌ನಲ್ಲಿಯೇ ಆಡುವ ಆಟ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಣ ಕೊಡಬೇಕಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಣಿತಜ್ಞ ಕೆವಿನ್ ಬಜಾರ್ಡ್ ಮತ್ತು ಮೊಹಮ್ಮದ್ ಪೆದ್ರಾಮ್‌ಫರ್ 2019ರಲ್ಲಿ ಇದನ್ನು ಸಿದ್ಧಪಡಿಸಿದರು. ಇದರ ಹಿಂದೆ ಕೆಲಸ ಮಾಡುವುದು ಲೀನ್ ಎಂಬ ಸಾಧನಾ ಸಹಾಯಕ ತಂತ್ರಾಂಶ. ಲಿಯೊನಾರ್ಡೊ ಡಿ ಮೌರಾ 2013ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದಾಗ ಅದನ್ನು ಆರಂಭಿಸಿದರು. ನಾವು ಬರೆದ ಪ್ರತಿ ಹೆಜ್ಜೆಯೂ ತರ್ಕಬದ್ಧವೇ ಎಂದು ಲೀನ್ ಪರೀಕ್ಷಿಸುತ್ತದೆ. ಅದಕ್ಕೆ ಊಹೆಯಿಲ್ಲ, ದಾಕ್ಷಿಣ್ಯವಿಲ್ಲ. “ಇಷ್ಟು ಸಾಕು, ಉಳಿದದ್ದು ಸ್ಪಷ್ಟ” ಎಂಬ ಮಾತು ಅದರ ಮುಂದೆ ನಡೆಯುವುದಿಲ್ಲ. ನಾನು ಆಡಿದ್ದು ಲೀನ್‌ನ ನಾಲ್ಕನೆಯ ಆವೃತ್ತಿಗೆ ಹೊಂದಿಸಿದ ಆಟವನ್ನು, ಇಂಗ್ಲಿಷ್‌ನಲ್ಲಿ. ವಾಕ್ಯಗಳು ಚಿಕ್ಕವು, ಸರಳವಾದವು. ಹೈಸ್ಕೂಲಿನ ಇಂಗ್ಲಿಷ್ ಇದ್ದರೆ ಸಾಕು.

ತೆರೆದಾಗ ಒಂದು ನಕ್ಷೆ ಕಾಣುತ್ತದೆ. ಅದರಲ್ಲಿ ಹಲವು ಲೋಕಗಳು: ಪರಿಚಯದ ಲೋಕ, ಸಂಕಲನ ಲೋಕ, ಗುಣಾಕಾರ ಲೋಕ, ಘಾತ ಲೋಕ, ‘ಆದರೆ–ಆಗ’ಗಳ ಲೋಕ, ‘ಕಡಿಮೆ ಅಥವಾ ಸಮ’ದ ಲೋಕ, ಇನ್ನೂ ಕೆಲವು. ಒಂದೊಂದು ಲೋಕದಲ್ಲಿ ಹಲವು ಹಂತಗಳು, ಪ್ರತಿ ಹಂತದಲ್ಲಿ ಸಾಧಿಸಬೇಕಾದ ಒಂದು ಹೇಳಿಕೆ. ಪರದೆಯ ನಡುವೆ ಗುರಿ, ಪಕ್ಕದಲ್ಲಿ ನಮ್ಮ ಕೈಯಲ್ಲಿರುವ ತಂತ್ರಗಳ, ಅಂದರೆ ಲೀನ್‌ಗೆ ಕೊಡುವ ಆಜ್ಞೆಗಳ, ಮತ್ತು ಈವರೆಗೆ ಸಾಧಿಸಿದ ಪ್ರಮೇಯಗಳ ಪಟ್ಟಿ. ಆಟದ ತಿರುಳಿರುವುದು ಈ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಇಲ್ಲದ್ದನ್ನು ಬಳಸುವಂತಿಲ್ಲ. ಒಂದು ಹಂತ ಗೆದ್ದರೆ ಆ ಹೇಳಿಕೆ ಪಟ್ಟಿಗೆ ಸೇರುತ್ತದೆ, ಮುಂದಿನ ಹಂತಕ್ಕೆ ಊರುಗೋಲಾಗುತ್ತದೆ. ಈ ನಿಯಮವನ್ನು ಸಡಿಲಿಸುವ ಆಯ್ಕೆಯೂ ಆಟದಲ್ಲಿದೆ. ದಯವಿಟ್ಟು ಸಡಿಲಿಸಬೇಡಿ.

ಆರಂಭದಲ್ಲಿ ನಮ್ಮ ಬಳಿ ಇರುವುದು ಬಹಳ ಕಡಿಮೆ. ಸೊನ್ನೆ ಒಂದು ಸಂಖ್ಯೆ. ಪ್ರತಿ ಸಂಖ್ಯೆಗೂ ‘ಅದರ ಮುಂದಿನದು’ ಎಂಬ ಸಂಖ್ಯೆ ಇದೆ. ಅದನ್ನು ನಾನು ಇಲ್ಲಿ ಮುಂ(ನ) ಎಂದು ಬರೆಯುತ್ತೇನೆ. ಒಂದು ಎಂದರೆ ಮುಂ(0), ಎರಡು ಎಂದರೆ ಮುಂ(1). ಸಂಕಲನಕ್ಕೆ ಎರಡೇ ನಿಯಮ: ಕ + 0 = ಕ, ಮತ್ತು ಕ + ಮುಂ(ನ) = ಮುಂ(ಕ + ನ). ಇವುಗಳ ಜೊತೆಗೆ ಗಣಿತೀಯ ಅನುಗಮನ: ಒಂದು ಹೇಳಿಕೆ ಸೊನ್ನೆಗೆ ನಿಜ, ಮತ್ತು ಯಾವುದೇ ಒಂದು ಸಂಖ್ಯೆಗೆ ನಿಜವಾದರೆ ಅದರ ಮುಂದಿನದಕ್ಕೂ ನಿಜ ಎಂದು ತೋರಿಸಿದರೆ ಎಲ್ಲ ಸಂಖ್ಯೆಗಳಿಗೂ ಅದು ನಿಜ. ಇಟಲಿಯ ಜ್ಯೂಸೆಪ್ಪೆ ಪಿಯಾನೊ 1889ರಲ್ಲಿ ಮುಂದಿಟ್ಟ ಸ್ವಯಂಸಿದ್ಧಗಳ ದಾರಿ ಇದು. ಅದಕ್ಕೂ ಮುಂಚೆ, 1861ರಲ್ಲಿಯೇ, ಜರ್ಮನಿಯ ಹರ್ಮನ್ ಗ್ರಾಸ್‌ಮನ್ ಸಂಕಲನ ಗುಣಾಕಾರಗಳ ನಿಯಮಗಳನ್ನು ಅನುಗಮನದಿಂದ ಸಾಧಿಸಿ ತೋರಿಸಿದ್ದರು. ಆತ ವೃತ್ತಿಯಿಂದ ಶಾಲಾ ಶಿಕ್ಷಕ ಎಂದು ತಿಳಿದಾಗ ನನಗೆ ಆದ ಸಂತೋಷವನ್ನು ಇಲ್ಲಿ ಹೇಳದಿರಲಾರೆ.

ಪರಿಚಯದ ಲೋಕದ ಕೊನೆಯ ಹಂತ 2 + 2 = 4. ನಗು ಬರಬಹುದು, ಆದರೆ ಬರೆದು ನೋಡಿ. 2 + 2 ಎಂದರೆ 2 + ಮುಂ(1). ಎರಡನೆಯ ನಿಯಮದಿಂದ ಅದು ಮುಂ(2 + 1). ಒಳಗಿನ 1 ಎಂದರೆ ಮುಂ(0), ಆದ್ದರಿಂದ ಮತ್ತೆ ಅದೇ ನಿಯಮದಿಂದ ಮುಂ(ಮುಂ(2 + 0)). ಮೊದಲ ನಿಯಮದಿಂದ ಮುಂ(ಮುಂ(2)). ಮುಂ(2) ಎಂದರೆ 3, ಮುಂ(3) ಎಂದರೆ 4. ಪ್ರತಿ ಸಮಚಿಹ್ನೆಯ ಕೆಳಗೂ ಒಂದು ಕಾರಣ. ಹದಿನಾರು ವರ್ಷದಲ್ಲಿ ನಾನು ಬರೆದ ಸಮಚಿಹ್ನೆಗಳಲ್ಲಿ ಎಷ್ಟಕ್ಕೆ ಹೀಗೆ ಕಾರಣ ಕೊಡಬಲ್ಲವಳಾಗಿದ್ದೆ?

ಸಂಕಲನ ಲೋಕದ ಮೊದಲ ಹಂತದಲ್ಲಿ ನಾನು ಮುಗ್ಗರಿಸಿದೆ. ಸಾಧಿಸಬೇಕಾದದ್ದು 0 + ನ = ನ. ಕೈಯಲ್ಲಿದ್ದದ್ದು ಕ + 0 = ಕ. ಅದನ್ನೇ ಬಳಸಲು ಆಜ್ಞೆ ಕೊಟ್ಟೆ. ಆ ಆಕಾರ ಗುರಿಯಲ್ಲಿ ಎಲ್ಲಿಯೂ ಕಾಣುತ್ತಿಲ್ಲ ಎಂಬ ಉತ್ತರ ಬಂತು. ಮತ್ತೊಮ್ಮೆ ಕೊಟ್ಟೆ, ಅದೇ ಉತ್ತರ. ಸೊನ್ನೆ ಬಲಗಡೆ ಇದ್ದರೆ ಏನಾಗುತ್ತದೆ ಎಂದು ಮಾತ್ರ ನಮಗೆ ಗೊತ್ತು, ಎಡಗಡೆ ಇದ್ದರೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ. “ಅದಲುಬದಲು ಮಾಡಿದರಾಯಿತು” ಎನ್ನಲು ಪರಿವರ್ತನೀಯ ನಿಯಮ ಬೇಕು. ಅದು ಪಟ್ಟಿಯಲ್ಲಿ ಇಲ್ಲ. ಅದನ್ನು ಸಾಧಿಸಲು ಮೊದಲು 0 + ನ = ನ ಬೇಕು! ನನಗೆ ಕಣ್ಣು ತೆರೆದದ್ದು ಇಲ್ಲಿ. ಯಾವುದು ಯಾವುದರ ಮೇಲೆ ನಿಂತಿದೆ ಎಂದು ನೋಡದೆ ಬರೆದರೆ ಸಾಧನೆ ತನ್ನ ಬಾಲವನ್ನೇ ನುಂಗುತ್ತದೆ.

ದಾರಿ ಅನುಗಮನವೇ. ನೋಟ್‌ಬುಕ್‌ನಲ್ಲಿ ನಾನು ಮೊದಲು ಬರೆದದ್ದು ಹೀಗಿತ್ತು: “ನ = 0 ಆದಾಗ 0 + 0 = 0, ನಿಜ. ಎಲ್ಲ ನ ಗಳಿಗೂ 0 + ನ = ನ ಎಂದುಕೊಳ್ಳೋಣ. ಆಗ ಮುಂ(ನ) ಕೂಡ ಹಾಗೆಯೇ.” ಓದಲು ಚೆನ್ನಾಗಿಯೇ ಇದೆ. ಪರದೆಯನ್ನು ನೋಡಿದರೆ ಅಲ್ಲಿ ಬೇರೆಯೇ ಇತ್ತು. ಅನುಗಮನದ ಆಜ್ಞೆ ಕೊಟ್ಟ ತಕ್ಷಣ ಒಂದು ಗುರಿ ಎರಡಾಗಿ ಒಡೆಯುತ್ತದೆ. ಎರಡನೆಯದರಲ್ಲಿ ದ ಎಂಬ ಒಂದೇ ಒಂದು ಸಂಖ್ಯೆ ಇರುತ್ತದೆ, ಮತ್ತು ಆ ದ ಬಗ್ಗೆ ಮಾತ್ರ 0 + ದ = ದ ಎಂಬ ಊಹೆ ಕೈಗೆ ಸಿಗುತ್ತದೆ. ಎಲ್ಲ ಸಂಖ್ಯೆಗಳ ಬಗ್ಗೆ ಊಹೆ ಮಾಡಿಬಿಟ್ಟರೆ ಸಾಧಿಸಲು ಉಳಿಯುವುದಾದರೂ ಏನು? ಅನುಗಮನ ಎಂದರೆ ‘ಸಾಧಿಸಬೇಕಾದ್ದನ್ನೇ ಒಪ್ಪಿಕೊಂಡುಬಿಡುವುದಲ್ಲವೇ’ ಎಂದು ಕೇಳುವ ಮಕ್ಕಳಿಗೆ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ತಪ್ಪು ಪ್ರಶ್ನೆಯಲ್ಲಿ ಇರಲಿಲ್ಲ, ನಾನು ಬರೆಸುತ್ತಿದ್ದ ವಾಕ್ಯದಲ್ಲಿಯೇ ಇತ್ತು.

ತಿದ್ದಿದ ಮೇಲೆ ನೋಟ್‌ಬುಕ್‌ನಲ್ಲಿ ನಿಂತದ್ದು: “ದ ಯಾವುದೇ ಒಂದು ಸ್ವಾಭಾವಿಕ ಸಂಖ್ಯೆಯಾಗಿರಲಿ. ಈ ದ ಮಟ್ಟಿಗೆ 0 + ದ = ದ ಎಂದು ಊಹಿಸೋಣ. ಸಂಕಲನದ ಎರಡನೆಯ ನಿಯಮದಿಂದ 0 + ಮುಂ(ದ) = ಮುಂ(0 + ದ). ನಮ್ಮ ಊಹೆಯಿಂದ ಬಲಬದಿ ಮುಂ(ದ). ಆದ್ದರಿಂದ 0 + ಮುಂ(ದ) = ಮುಂ(ದ).” ‘ಊಹೆಯಿಂದ’ ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದೆ. ಅಂದಿನಿಂದ ಪ್ರತಿ ಅನುಗಮನದ ಸಾಧನೆಯಲ್ಲಿಯೂ ಊಹೆಯನ್ನು ಬಳಸಿದ ಸಾಲಿಗೆ ಕೆಂಪು ಗೆರೆ ಎಳೆಯುತ್ತೇನೆ. ಗೆರೆ ಎಳೆಯಲು ಸಾಲು ಸಿಗದಿದ್ದರೆ ಎಲ್ಲೋ ಎಡವಿದ್ದೇನೆ ಎಂದೇ ಅರ್ಥ.

ಆ ಲೋಕದಲ್ಲಿ ಪರಿವರ್ತನೀಯ ನಿಯಮಕ್ಕೆ ಬರುವ ಹೊತ್ತಿಗೆ ಕೆಲಸ ಸಲೀಸಾಗಿತ್ತು. ಅದಕ್ಕೆ ಮೊದಲು ಮುಂ(ಕ) + ಖ = ಮುಂ(ಕ + ಖ) ಎಂಬುದನ್ನು ಸಾಧಿಸಿಕೊಳ್ಳಬೇಕು. ಇಲ್ಲಿ ಹೊಸಬರಿಗೆ ಒಂದು ಕಿವಿಮಾತು: ಅನುಗಮನವನ್ನು ಯಾವ ಅಕ್ಷರದ ಮೇಲೆ ಮಾಡುತ್ತೀರಿ ಎಂಬುದು ಬಹಳ ಮುಖ್ಯ. ಸಂಕಲನದ ನಿಯಮಗಳು ಬಲಗಡೆಯ ಸಂಖ್ಯೆಯನ್ನು ಬಿಡಿಸುತ್ತವೆ, ಆದ್ದರಿಂದ ಬಲಗಡೆಯ ಖ ಮೇಲೆ ಮಾಡಿ. ಎಡಗಡೆಯ ಕ ಮೇಲೆ ಮಾಡಹೊರಟು ನಾನು ಒಂದು ಇಡೀ ಸಂಜೆ ಕಳೆದುಕೊಂಡೆ. ಹಾಗೆ ಸಿಕ್ಕಿಕೊಂಡ ಮೇಲೆ, ಬರೆಯುವ ಮುಂಚೆ ‘ವ್ಯಾಖ್ಯೆ ಯಾವ ಕಡೆಯಿಂದ ಬಿಚ್ಚಿಕೊಳ್ಳುತ್ತದೆ’ ಎಂದು ಕೇಳಿಕೊಳ್ಳುವ ಅಭ್ಯಾಸ ಬಂತು.

ಗುಣಾಕಾರ ಲೋಕದಲ್ಲಿ ಆಟದ ದೌರ್ಬಲ್ಯ ತಿಳಿಯಿತು. ಇದನ್ನು ಮುಚ್ಚಿಡುವುದಿಲ್ಲ. ವಿಭಾಜಕ ನಿಯಮ, ಅಂದರೆ ಕ × (ಖ + ಗ) = ಕ × ಖ + ಕ × ಗ, ಅಲ್ಲಿನ ಒಂದು ಹಂತ. ಈ ಹೊತ್ತಿಗೆ ನನಗೆ ‘ಬದಲಿಸಿ ಬರೆ’ ಎಂಬ ಆಜ್ಞೆ ಕೈಗೆ ಹತ್ತಿತ್ತು. ಪಟ್ಟಿಯಲ್ಲಿದ್ದ ಪ್ರಮೇಯಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದೆ. ಕೆಲವನ್ನು ಲೀನ್ ಒಪ್ಪಿತು, ಕೆಲವನ್ನು ಒಪ್ಪಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಪ್ರಯತ್ನಕ್ಕೆ ಹಂತ ಮುಗಿಯಿತು ಎಂಬ ಸಂದೇಶ ಬಂತು. ಗೆದ್ದೆ. ನೋಟ್‌ಬುಕ್ ತೆರೆದು ಸಾಧನೆ ಬರೆಯಲು ಹೋದರೆ ಎರಡನೆಯ ಸಾಲು ಬರಲಿಲ್ಲ. ನಾನು ಏನು ಮಾಡಿದೆ ಎಂಬುದೇ ನನಗೆ ಗೊತ್ತಿರಲಿಲ್ಲ! ಗೊಂಚಲಿನಲ್ಲಿದ್ದ ಎಲ್ಲ ಕೀಲಿಗಳನ್ನೂ ತಿರುಗಿಸಿ ಬಾಗಿಲು ತೆರೆದಿದ್ದೆ, ಅಷ್ಟೆ.

ಮತ್ತೆ ಕೂತು ಕಾಗದದ ಮೇಲೆ ಬರೆದೆ. ಗುಣಾಕಾರದ ನಿಯಮ ಹೇಳುವುದು ಕ × 0 = 0 ಮತ್ತು ಕ × ಮುಂ(ದ) = ಕ × ದ + ಕ. ಅನುಗಮನ ಗ ಮೇಲೆ. ಸೊನ್ನೆಯ ಸಂದರ್ಭ ಸುಲಭ. ಮುಂದೆ, ಕ × (ಖ + ಮುಂ(ದ)) ಎಂದರೆ ಕ × ಮುಂ(ಖ + ದ), ಅಂದರೆ ಕ × (ಖ + ದ) + ಕ. ಊಹೆಯಿಂದ (ಕೆಂಪು ಗೆರೆ) ಅದು (ಕ × ಖ + ಕ × ದ) + ಕ. ಸಹವರ್ತನೀಯ ನಿಯಮದಿಂದ ಕ × ಖ + (ಕ × ದ + ಕ). ಆವರಣದೊಳಗಿನದು ಕ × ಮುಂ(ದ). ಮುಗಿಯಿತು. ಐದು ಸಾಲು. ಪ್ರತಿಯೊಂದೂ ಮುಂದಿನದನ್ನು ತಾನೇ ಕರೆಯುತ್ತದೆ. ಇದು ಅರ್ಥವಾದ ಮೇಲೆ ಮತ್ತೆ ಪರದೆಗೆ ಹೋಗಿ, ಒಂದೂ ತಪ್ಪು ಆಜ್ಞೆಯಿಲ್ಲದೆ ಆ ಹಂತವನ್ನು ಮತ್ತೊಮ್ಮೆ ಮುಗಿಸಿದೆ. ಆ ರಾತ್ರಿಯ ತೃಪ್ತಿ ಮೊದಲ ಗೆಲುವಿನಲ್ಲಿ ಇರಲಿಲ್ಲ.

ಆದ್ದರಿಂದ ನೋಟ್‌ಬುಕ್. ಆಟ ಮುಗಿದಾಗ ನಮ್ಮ ಕೈಯಲ್ಲಿ ಉಳಿಯುವುದು ಆಜ್ಞೆಗಳ ಸಾಲು. ಯಂತ್ರಕ್ಕೆ ಅದು ಸಂಪೂರ್ಣ ಸಾಧನೆ. ಇನ್ನೊಬ್ಬ ಮನುಷ್ಯ ಅದನ್ನು ಓದಿದರೆ ಅವನಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಪ್ರತಿ ಆಜ್ಞೆಯ ನಂತರ ಗುರಿ ಹೇಗೆ ಬದಲಾಯಿತು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಸಾಧನೆ ಬರೆಯುವುದು ಎಂದರೆ ಓದುವವರ ಕೈಹಿಡಿದು ಆ ಬದಲಾವಣೆಗಳನ್ನು ತೋರಿಸುತ್ತ ನಡೆಯುವುದು. ಯಾವುದನ್ನು ಬಿಡಿಸಿ ಹೇಳಬೇಕು, ಯಾವುದನ್ನು ಓದುಗರಿಗೆ ಬಿಡಬಹುದು ಎಂಬ ತೂಕ ಅದರಲ್ಲಿದೆ. ಈ ತೂಕವನ್ನು ಆಟ ಕಲಿಸುವುದಿಲ್ಲ, ಕಲಿಸುತ್ತೇನೆ ಎಂದು ಅದು ಹೇಳಿಕೊಳ್ಳುವುದೂ ಇಲ್ಲ.

ಘಾತ ಲೋಕದ ಮೊದಲ ಹಂತದಲ್ಲಿ ಸೊನ್ನೆಯ ಘಾತ ಸೊನ್ನೆ (0⁰) ಎಂದರೆ 1. ಯಾವ ಸಂಖ್ಯೆಯಾದರೂ ಅದರ ಘಾತ ಸೊನ್ನೆಯಾದರೆ 1 ಎಂಬುದೇ ಅಲ್ಲಿನ ವ್ಯಾಖ್ಯೆ, ಸೊನ್ನೆಗೂ ಅದು ಅನ್ವಯಿಸುತ್ತದೆ. ತರಗತಿಯಲ್ಲಿ ವಾದಕ್ಕೆ ಎಡೆಮಾಡುವ ವಿಷಯ ಒಂದು ಸಾಲಿನಲ್ಲಿ ಮುಗಿದದ್ದು ಕಂಡು ‘ಯಾವ ವ್ಯಾಖ್ಯೆಯಿಂದ ಹೊರಟಿದ್ದೀರಿ’ ಎಂಬ ಪ್ರಶ್ನೆಯ ಬೆಲೆ ತಿಳಿಯಿತು. ಅದೇ ಲೋಕದ ಕೊನೆಯಲ್ಲಿ ಫರ್ಮಾನ ಕೊನೆಯ ಪ್ರಮೇಯವನ್ನು ಇಟ್ಟಿದ್ದಾರೆ: ನ ಎರಡಕ್ಕಿಂತ ದೊಡ್ಡದಾದರೆ, ಸೊನ್ನೆಯಲ್ಲದ ಯಾವುದೇ ಸ್ವಾಭಾವಿಕ ಸಂಖ್ಯೆಗಳು ಕ, ಖ, ಗ ಗಳಿಗೂ ಕ, ಖ ಗಳ ನ-ಘಾತಗಳ ಮೊತ್ತ ಗ ದ ನ-ಘಾತಕ್ಕೆ ಸಮವಲ್ಲ. ಆಂಡ್ರ್ಯೂ ವೈಲ್ಸ್ ಅವರ ಸಾಧನೆ 1995ರಲ್ಲಿ ಪ್ರಕಟವಾಗುವವರೆಗೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಗಣಿತಜ್ಞರನ್ನು ಕಾಡಿದ ಹೇಳಿಕೆ ಅದು. ಅದನ್ನು ಸಾಧಿಸದಿದ್ದರೂ ಆಟ ಮುಂದುವರಿಯುತ್ತದೆ. ಆದರೂ ಆ ಹಂತವನ್ನು ತೆರೆದು ಹೇಳಿಕೆಯನ್ನು ಓದಿದೆ. ಅದರಲ್ಲಿ ಸಂಕಲನ, ಘಾತ, ‘ಸಮವಲ್ಲ’ ಎಂಬುದು ಬಿಟ್ಟು ಬೇರೇನೂ ಇಲ್ಲ. ಸಂಕಲನ, ಘಾತ ಎರಡೂ ನಮ್ಮ ಪಟ್ಟಿಯಲ್ಲಿ ಆಗಲೇ ಇರುವವೇ. ಹೇಳಲು ಅಷ್ಟು ಸಾಕು, ಸಾಧಿಸಲು ಶತಮಾನಗಳೇ ಬೇಕಾದವು.

‘ಆದರೆ–ಆಗ’ಗಳ ಲೋಕದಲ್ಲಿ 2 + 2 ಐದಕ್ಕೆ ಸಮವಲ್ಲ ಎಂದು ಸಾಧಿಸಬೇಕು. ‘ಸಮವಲ್ಲ’ ಎಂದರೆ ‘ಸಮ ಎಂದುಕೊಂಡರೆ ಅಸಂಗತಕ್ಕೆ ಬರುತ್ತೇವೆ’ ಎಂದೇ ಅಲ್ಲಿನ ಅರ್ಥ. ವಿರೋಧಾಭಾಸದ ಮೂಲಕ ಸಾಧಿಸುವುದು ಏನೋ ಜಾಣತನದ ಉಪಾಯ ಎಂದು ಹೆದರುವ ಮಕ್ಕಳಿಗೆ ಈ ಹಂತವನ್ನು ತೋರಿಸಬೇಕು. ಕ್ರಮವಿಧಿಗಳ ಲೋಕದಲ್ಲಿ ಯಂತ್ರವೇ ಹೆಚ್ಚು ಕೆಲಸ ಮಾಡುತ್ತದೆ. ನನಗೆ ಬೇಕಿದ್ದುದು ಅದಲ್ಲವಾದ್ದರಿಂದ ಬೇಗ ದಾಟಿದೆ.

ನಾನು ಹುಡುಕಿ ಹೊರಟಿದ್ದು ಸಿಕ್ಕಿದ್ದು ‘ಕಡಿಮೆ ಅಥವಾ ಸಮ’ದ ಲೋಕದಲ್ಲಿ. ಅಲ್ಲಿನ ವ್ಯಾಖ್ಯೆ ಹೀಗೆ: ಕ ≤ ಖ ಎಂದರೆ, ಖ = ಕ + ಮ ಆಗುವಂತಹ ಯಾವುದೋ ಒಂದು ಸಂಖ್ಯೆ ಮ ಇದೆ. ಈಗ ಕ ≤ ಖ ಮತ್ತು ಖ ≤ ಗ ಆದರೆ ಕ ≤ ಗ ಎಂದು ತೋರಿಸಬೇಕು. ಮೊದಲ ಊಹೆಯನ್ನು ಬಿಡಿಸಿದರೆ ಒಂದು ಸಂಖ್ಯೆ ಹೊರಬರುತ್ತದೆ, ಅದಕ್ಕೆ ನಾವೇ ಹೆಸರಿಡಬೇಕು. ಮ ಎಂದಿಟ್ಟೆ. ಎರಡನೆಯ ಊಹೆಯನ್ನು ಬಿಡಿಸಿದೆ. ಅದಕ್ಕೂ ಮ ಎಂದೇ ಇಟ್ಟರೆ ಏನಾಗುತ್ತದೆ ನೋಡೋಣ ಎಂದು ಬೇಕೆಂದೇ ಹಾಗೆ ಮಾಡಿದೆ. ನಾನು ಕರಿಹಲಗೆಯ ಮೇಲೆ ಮಾಡಿದ ತಪ್ಪೇ ಅದು. ಲೀನ್ ಎರಡನ್ನೂ ಒಂದೆಂದು ಒಪ್ಪಲಿಲ್ಲ. ಹಳೆಯ ಹೆಸರಿನ ಪಕ್ಕದಲ್ಲಿ ಕಠಾರಿಯಂತಹ ಒಂದು ಪುಟ್ಟ ಗುರುತು ಮೂಡಿ, ಆ ಹೆಸರಿನಿಂದ ಅದನ್ನು ಕರೆಯಲು ಆಗದಂತಾಯಿತು. ಎರಡು ‘ಇದೆ’ಗಳಿಂದ ಹೊರಬಂದವು ಎರಡು. ನೀವು ಒಂದೇ ಹೆಸರಿಟ್ಟ ಮಾತ್ರಕ್ಕೆ ಅವು ಒಂದಾಗುವುದಿಲ್ಲ.

ಸರಿಯಾಗಿ ಹೆಸರಿಟ್ಟರೆ ಖ = ಕ + ಮ, ಗ = ಖ + ನ. ಆದ್ದರಿಂದ ಗ = (ಕ + ಮ) + ನ = ಕ + (ಮ + ನ). ಬೇಕಾಗಿದ್ದ ಸಂಖ್ಯೆ ಮ + ನ. ಇಷ್ಟೇ. ಆ ಪುಟದ ಮುಂದೆ ತುಂಬ ಹೊತ್ತು ಕೂತಿದ್ದೆ.

ಆಗ ಹೊಳೆದ ಇನ್ನೊಂದು ವಿಷಯ ನಮ್ಮ ಭಾಷೆಯದು. ‘ಯಾವುದೇ’ ಮತ್ತು ‘ಯಾವುದೋ’. ‘ಯಾವುದೇ ಬೆಸ ಸಂಖ್ಯೆ’ ಎಂದರೆ ಎಲ್ಲದಕ್ಕೂ ಸಲ್ಲುವ ಮಾತು, ಆಯ್ಕೆ ಎದುರಿನವರದು. ‘ಯಾವುದೋ ಒಂದು ಪೂರ್ಣಾಂಕ’ ಎಂದರೆ ಇದೆ ಎಂದು ಗೊತ್ತು, ಯಾವುದೆಂದು ಗೊತ್ತಿಲ್ಲ. ಒಂದು ಏಕಾರ, ಒಂದು ಓಕಾರ. ಸಾಧನೆಗಳಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ಎರಡನ್ನು ಕಲಸಿಬಿಡುವುದರಿಂದ ಆಗುತ್ತದೆ, ಮತ್ತು ಕನ್ನಡ ಇವನ್ನು ಒಂದೊಂದು ಸ್ವರದಿಂದ ಬೇರ್ಪಡಿಸಿ ಕೈಗೆ ಕೊಟ್ಟಿದೆ. ನಾನು ‘ಬೆಸ ಸಂಖ್ಯೆ ಎಂದರೆ 2ಕ + 1’ ಎಂದು ಬರೆದಾಗ ಎರಡು ಪದಗಳನ್ನೂ ಬಿಟ್ಟಿದ್ದೆ. ಪೂರ್ತಿ ವಾಕ್ಯ ಬರೆದಿದ್ದರೆ ತಪ್ಪು ಆಗಲೇ ಸಿಕ್ಕಿಬೀಳುತ್ತಿತ್ತು. ಸಾಧನೆಯನ್ನು ಕನ್ನಡದಲ್ಲಿ ಬರೆಯಲು ಪದಗಳಿಲ್ಲ ಎನ್ನುವವರು ಒಮ್ಮೆ ಕೂತು ಬರೆದು ನೋಡಬೇಕೆಂದು ನನ್ನ ಕೋರಿಕೆ. ‘ಆಗಿರಲಿ’, ‘ಆದ್ದರಿಂದ’, ‘ಆಗುವಂತಹ’, ‘ಎಂದುಕೊಳ್ಳೋಣ’, ‘ಆದರೆ ಮತ್ತು ಆದರೆ ಮಾತ್ರ’ ಎಲ್ಲವೂ ಇವೆ.

ಆಟದಲ್ಲಿ ಇಲ್ಲದ್ದನ್ನೂ ಹೇಳಬೇಕು. ಸಮ, ಬೆಸ, ಭಾಜಕ, ಅವಿಭಾಜ್ಯ ಸಂಖ್ಯೆಗಳನ್ನು ನಾನು ಆಡಿದ ಲೋಕಗಳಲ್ಲಿ ಕಾಣಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಅಲ್ಲಿ ಕೊಡುವ ಹೇಳಿಕೆಗಳೆಲ್ಲ ನಿಜವಾದವು. ಇದು ನಿಜವೋ ಸುಳ್ಳೋ ಎಂದು ತಲೆಕೆಡಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಸಾಧನೆ ಏಕೆ ಬೇಕು ಎಂಬುದು ಗೊತ್ತಾಗುವುದು ಸುಳ್ಳು ಹೇಳಿಕೆಯ ಎದುರಿಗೆ. ಗಣಿತಜ್ಞ ಆಯ್ಲರ್ ಹೆಸರಿನಿಂದ ಪ್ರಸಿದ್ಧವಾದ ನ² + ನ + 41 ಎಂಬುದನ್ನೇ ತೆಗೆದುಕೊಳ್ಳಿ. ನ = 0 ಇಂದ 39ರವರೆಗೆ ನಲವತ್ತು ಬಾರಿಯೂ ಅವಿಭಾಜ್ಯ ಸಂಖ್ಯೆ ಬರುತ್ತದೆ. ನಲವತ್ತು ಉದಾಹರಣೆ ನೋಡಿದ ಯಾರಿಗಾದರೂ ನಂಬಿಕೆ ಬರುತ್ತದೆ. ನ = 40 ಆದಾಗ 40 × 40 + 40 + 41 = 40 × 41 + 41 = 41 × 41 = 1681. ಈ ಬಗೆಯ ಹೇಳಿಕೆಗಳನ್ನು ಹತ್ತೋ ಹದಿನೈದೋ ಆರಿಸಿ, ನಿಜವಾದವುಗಳ ನಡುವೆ ಬೆರೆಸಿ ನನಗೆ ನಾನೇ ಒಂದು ಪಟ್ಟಿ ಮಾಡಿಕೊಂಡೆ. ಆಟದ ಜೊತೆಗೆ ನೀವೂ ಮಾಡಿಕೊಳ್ಳಿ.

ಆಟ ಕಲಿಸಿದ ‘ಪಟ್ಟಿಯಲ್ಲಿದೆಯೇ?’ ಎಂಬ ಪ್ರಶ್ನೆ ಆಟದ ಹೊರಗೂ ನನ್ನ ಕೈಬಿಡಲಿಲ್ಲ. ಅವಿಭಾಜ್ಯ ಸಂಖ್ಯೆಗಳು ಅನಂತ ಎಂಬ ಯೂಕ್ಲಿಡನ ಸಾಧನೆಯನ್ನು ವರ್ಷ ವರ್ಷವೂ ಹೇಳಿದ್ದೇನೆ: ಇರುವ ಎಲ್ಲ ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸಿ, ಬಂದದ್ದು ಹೊಸ ಅವಿಭಾಜ್ಯ. ಈ ಬಾರಿ ಬರೆಯುವಾಗ ‘ಬಂದದ್ದು ಅವಿಭಾಜ್ಯ’ ಎಂಬಲ್ಲಿ ಪೆನ್ನು ನಿಂತಿತು. ಯಾವ ಪ್ರಮೇಯದಿಂದ? ಲೆಕ್ಕ ಹಾಕಿದೆ. 2 × 3 × 5 × 7 × 11 × 13 + 1 = 30031, ಅದು 59 × 509. ಅವಿಭಾಜ್ಯವಲ್ಲ! ಹೇಳಬೇಕಾದದ್ದು, ಆ ಸಂಖ್ಯೆಗೆ ಯಾವುದೋ ಒಂದು ಅವಿಭಾಜ್ಯ ಭಾಜಕವಿದೆ, ಮತ್ತು ಅದು ನಮ್ಮ ಪಟ್ಟಿಯಲ್ಲಿರುವ ಯಾವುದೇ ಅವಿಭಾಜ್ಯವೂ ಅಲ್ಲ, ಏಕೆಂದರೆ ಪಟ್ಟಿಯಲ್ಲಿರುವ ಪ್ರತಿಯೊಂದೂ ಭಾಗಿಸಿದಾಗ 1 ಶೇಷ ಉಳಿಸುತ್ತದೆ. ಒಂದಕ್ಕಿಂತ ದೊಡ್ಡ ಪ್ರತಿ ಸಂಖ್ಯೆಗೂ ಅವಿಭಾಜ್ಯ ಭಾಜಕವಿದೆ ಎಂಬುದನ್ನು ಮೊದಲೇ ಸಾಧಿಸಿಟ್ಟುಕೊಳ್ಳಬೇಕು. √2 ಅಭಾಗಲಬ್ಧ ಎನ್ನುವಾಗಲೂ ಹಾಗೆ: ವರ್ಗ ಸಮವಾದರೆ ಸಂಖ್ಯೆಯೂ ಸಮ ಎಂಬುದು ಪಟ್ಟಿಗೆ ಮೊದಲು ಬರಬೇಕು. ನನ್ನ ನೋಟ್‌ಬುಕ್‌ನ ಹಿಂಬದಿಯಲ್ಲಿ ಈಗ ಇಂತಹ ಪ್ರಮೇಯಗಳ ಪಟ್ಟಿ ಎರಡು ಪುಟ ತುಂಬಿದೆ.

ಆಡುವವರಿಗೆ ಇನ್ನೆರಡು ಮಾತು. ಕಂಪ್ಯೂಟರ್‌ನಲ್ಲಿ ಆಡಿ; ಗುರಿ, ಊಹೆಗಳು, ಪಟ್ಟಿ ಮೂರೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಎಲ್ಲಿಯವರೆಗೆ ಬಂದಿದ್ದೀರಿ ಎಂಬುದು ನಿಮ್ಮ ಬ್ರೌಸರ್‌ನಲ್ಲಿಯೇ ಉಳಿದಿರುತ್ತದೆ, ಆದ್ದರಿಂದ ಅದನ್ನು ಆಗಾಗ ಕಡತವಾಗಿ ಇಳಿಸಿಕೊಳ್ಳಿ. ಅದಕ್ಕೆ ಅಲ್ಲಿಯೇ ವ್ಯವಸ್ಥೆಯಿದೆ. ವಾರಕ್ಕೆ ಒಂದು ಲೋಕ ಸಾಕು. ಓಡಬೇಡಿ.

ಕಳೆದ ವಾರ ಅದೇ ತರಗತಿಗೆ ಅದೇ ಸಾಧನೆಯನ್ನು ಮತ್ತೊಮ್ಮೆ ಬರೆದೆ. ಈ ಬಾರಿ ಪೂರ್ತಿ ವಾಕ್ಯಗಳಲ್ಲಿ: “ಪ ಮತ್ತು ಮ ಯಾವುದೇ ಎರಡು ಬೆಸ ಸಂಖ್ಯೆಗಳಾಗಿರಲಿ. ಪ = 2ಕ + 1 ಆಗುವಂತಹ ಯಾವುದೋ ಒಂದು ಪೂರ್ಣಾಂಕ ಕ ಇದೆ. ಮ = 2ಗ + 1 ಆಗುವಂತಹ ಇನ್ನಾವುದೋ ಪೂರ್ಣಾಂಕ ಗ ಇದೆ. ಆಗ ಪ + ಮ = 2ಕ + 2ಗ + 2 = 2(ಕ + ಗ + 1). ಕ + ಗ + 1 ಪೂರ್ಣಾಂಕವಾದ್ದರಿಂದ ಪ + ಮ ಸಮ ಸಂಖ್ಯೆ.” ‘ಇನ್ನಾವುದೋ’ ಎಂಬ ಪದವನ್ನು ಬಹಳ ಯೋಚಿಸಿ ಆರಿಸಿದ್ದೆ.

ಮೂರನೆಯ ಸಾಲಿನ ಹುಡುಗಿ ಕೈಯೆತ್ತಿದಳು. “ಮೇಡಂ, ‘ಇನ್ನಾವುದೋ’ ಎಂದರೆ ಬೇರೆಯದು ಎಂದಾಗುತ್ತದೆ. ಹಾಗಾದರೆ 3 ಕೂಡಿಸು 3?”

ಎರಡನ್ನು ಒಂದು ಮಾಡಬಾರದು ಎಂಬ ಎಚ್ಚರದಲ್ಲಿ ಎರಡೂ ಒಂದೇ ಆಗಿರಬಹುದು ಎಂಬುದನ್ನು ಬಿಟ್ಟಿದ್ದೆ. ಲೀನ್ ಎರಡು ಹೆಸರು ಕೇಳಿತ್ತೇ ಹೊರತು ಅವು ಬೇರೆ ಬೇರೆ ಎಂದು ಎಲ್ಲಿಯೂ ಹೇಳಿರಲಿಲ್ಲ. ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. ಅವಳು ಬಂದು ‘ಇನ್ನಾವುದೋ’ ಅಳಿಸಿ ‘ಯಾವುದೋ ಒಂದು’ ಎಂದು ಬರೆದಳು, ಸ್ವಲ್ಪ ಯೋಚಿಸಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದಳು: ಕ ಮತ್ತು ಗ ಒಂದೇ ಆಗಿರಬಹುದು, ಆಗಿರದೆಯೂ ಇರಬಹುದು.